ಸನ್ಯಾಸಿನಿಯರ ತಿರುಗುಪೀಪಾಯಿ

ನೋಡಿ, ಮೊದಲೇ ಹೇಳಿಬಿಡುತ್ತೇನೆ: ಉಡುಪಿಯ ಯತೀಶನಂಥ ಕಿಲಾಡಿ ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್‌ನಿಂದ ಮಾರ್ಗನ್ ಹಿಲ್‌ವರೆಗೆ ಹುಡುಕಿದರೂ ನಿಮಗೆ ಇನ್ನೊಬ್ಬ ಸಿಗುವುದಿಲ್ಲ. ಕ್ರೈಸ್ತ ಸನ್ಯಾಸಿನಿಯರ ಮಠದ ಗೋಡೆಯೊಳಗೆ ಮುಕ್ಕಾಲು ಗಂಟೆ ಸಿಕ್ಕಿಹಾಕಿಕೊಂಡು, ನಗುನಗುತ್ತ ಹೊರಬಂದ ಗಂಡು ಅವನೊಬ್ಬನೇ. ಶುಕ್ರವಾರ ಮಧ್ಯಾಹ್ನ ಎರಡೂಕಾಲಕ್ಕೆ ಅವನು ಮೊಣಕಾಲನ್ನು ಗದ್ದಕ್ಕೆ ಆನಿಸಿಕೊಂಡು ಒಂದು ಮರದ ಪೀಪಾಯಿಯೊಳಗೆ ಕುಳಿತಿದ್ದ, ಜೊತೆಗೆ ಕೆಲಸ ಮಾಡುವ ಮಾನ್ಯಾಳನ್ನು ಬೆಚ್ಚಿಬೀಳಿಸಲು.

ಗುಡ್ಡದ ಮೇಲಿನ ಆ ಮಠದ ಇಗರ್ಜಿ ಈಗ ಇಗರ್ಜಿಯಲ್ಲ. ಕೊನೆಯ ಮೂವರು ಮುದಿ ಸನ್ಯಾಸಿನಿಯರು ಹೋಗಿ ಆರು ವರ್ಷ. ಕೊಂಡವರು ಅದನ್ನು ಲೈಬ್ರರಿ ಮಾಡುವವರಿದ್ದರು. ಅದಕ್ಕೂ ಮೊದಲು ಪ್ರತಿ ತೊಲೆ, ಪ್ರತಿ ಕಮಾನು ಅಳೆದು ನಕ್ಷೆ ಬರೆಯುವ ಕೆಲಸ ಹುಬ್ಬಳ್ಳಿಯಿಂದ ಬಂದು ಇಲ್ಲೇ ನೆಲೆಸಿದ ಸಿದ್ಧಾರೂಢರ ಸಣ್ಣ ಆಫೀಸಿಗೆ ಬಂದಿತ್ತು. ಯತೀಶ, ಮಾನ್ಯಾ ಅಲ್ಲಿಯ ಕಿರಿಯ ಆರ್ಕಿಟೆಕ್ಟರು. ಮಾನ್ಯಾ ಅಮೆರಿಕದಲ್ಲೇ ಹುಟ್ಟಿದವಳು. ಯತೀಶನದು ಜೂನ್‌ವರೆಗಿನ ಬದುಕು. ಆಫೀಸು ಅವನ ಹೆಸರನ್ನು ಎಚ್-ಒನ್‌ಬಿ ವೀಸಾಕ್ಕೆ ಹಾಕಿದರೆ ಉಂಟು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಹೆಚ್ಚುಕಡಿಮೆ ಮಾತು ಕೊಟ್ಟಿದ್ದ ಸಿದ್ಧಾರೂಢರು ಕೊನೆಯ ಮಾತು ಸೋಮವಾರ ಹೇಳುತ್ತೇನೆಂದಿದ್ದರು.

ಒಂದೇ ಸೂರಿನಡಿ ಅಲ್ಲಿ ಎರಡು ಲೋಕ. ಊರವರು ಕೂರುವ ಪುಟ್ಟ ಹಜಾರ ಈಚೆ. ಕಬ್ಬಿಣದ ಜಾಲರಿಯ ಆಚೆ, ರೆಡ್‌ವುಡ್ ಮರದ ತೊಲೆಗಳ, ಎರಡು ಪಟ್ಟು ಎತ್ತರದ ಸನ್ಯಾಸಿನಿಯರ ಹಜಾರ. ಆ ಕಾಲದ ನಿಯಮ: ಒಳಗೆ ಬಂದವಳು ಮತ್ತೆ ಹೊರಗೆ ಹೋಗುವಂತಿಲ್ಲ, ಹೊರಗಿನವರು ಅವಳ ಮುಖ ನೋಡುವಂತಿಲ್ಲ. ಹಿಟ್ಟಿನ ಮೂಟೆ, ಔಷಧಿ, ಕಾಗದ ಎಲ್ಲವೂ ಗೋಡೆಯಲ್ಲಿ ಕೂರಿಸಿದ ಈ ಒಂದೇ ಬಾಯಿಯ ಪೀಪಾಯಿಯಲ್ಲಿಟ್ಟು ತಿರುಗಿಸಬೇಕು. ಮುಖ ಕಾಣದು, ಮಾತು ಮಾತ್ರ ದಾಟುತ್ತದೆ.

ಮಾನ್ಯಾ ಹತ್ತಿರ ಬಂದೊಡನೆ ಗಿರ್ರನೆ ತಿರುಗಿ, "ಈ ಯತಿ ಎಂಟ್ರಿ ಕೊಟ್ರೆ ಗೋಡೆಗೂ ಬೆವರು ಬರ್ತದೆ!" ಎನ್ನಬೇಕೆಂದು ಅವನ ಲೆಕ್ಕ. ಫೋನನ್ನು ಹೊರಗೆ ಅಳತೆಯ ಸ್ಟ್ಯಾಂಡಿನ ಮೇಲಿಟ್ಟಿದ್ದ. ಪೀಪಾಯಿ ಕಾಲುಭಾಗ ತಿರುಗಿ ನಿಂತಿತು. ಅದರ ಬಾಯಿಗೆ ಬರೀ ಗೋಡೆ. ಕಗ್ಗತ್ತಲೆ, ಹಳೆಯ ಹಿಟ್ಟಿನ ಮುಗ್ಗು ವಾಸನೆ.

"ಎಲ್ಲಿ ಹ್ವಾದನವಾ ನಮ್ಮ ಹೀರೋ?" ಸಿದ್ಧಾರೂಢರ ದನಿ.

"ನೋ ಐಡಿಯಾ, ಅಂಕಲ್." ಮಾನ್ಯಾ ಆಫೀಸಿನಲ್ಲೂ ಅವರನ್ನು ಅಂಕಲ್ ಎನ್ನುತ್ತಿದ್ದಳು, ಅವಳ ಅಪ್ಪನ ಗೆಳೆಯರು.

"ಛಲೋ ಆತು. ಅಂವ ಇಲ್ದಾಗ ಹೇಳ್ಬೇಕಿತ್ತು. ಅವನ ಹೆಸರು ವೀಸಾಕ್ಕ ಹಾಕೂದಿಲ್ಲ."

"ವಾಟ್? ಯೂ ಪ್ರಾಮಿಸ್ಡ್ ಹಿಮ್!"

"ಕೆಲಸ ಎಲ್ಲೈತಿ ತಂಗಿ? ಈ ಲೈಬ್ರರಿ ಮುಗದ ಮ್ಯಾಲೆ ಕೈಯಾಗ ಒಂದೂ ಪ್ರಾಜೆಕ್ಟ್ ಇಲ್ಲ. ಬಂಗಾರದಂಥಾ ಹುಡುಗ. ನಿನಗಿಂತ ಛಂದ ಡ್ರಾಯಿಂಗ್ ಮಾಡ್ತಾನ, ಸಿಟ್ಟಾಗಬ್ಯಾಡ. ಹ್ಯಾಂಗ ಹೇಳ್ಲಿ ಅಂತನ ತಿಳೀವಲ್ತು. ಹೇಳಿದ ಮ್ಯಾಲೂ ನಕ್ಕು ಏನರೆ ಡೈಲಾಗ್ ಹೊಡದಾ ಅಂದ್ರ, ನನ್ನ ಕೈಲೆ ಆಗೂದಿಲ್ಲ."

"ಅವ್ನು ಆಲ್ರೆಡಿ ಊರಲ್ಲಿರೋ ಅವನ ಅಕ್ಕಂಗೆ ಫೋನ್ ಮಾಡಿ ವೀಸಾ ಆಯ್ತು ಅಂದ್‌ಬಿಟ್ಟಿದಾನೆ, ಅಂಕಲ್."

ಸಿದ್ಧಾರೂಢರ ಬೂಟಿನ ಸದ್ದು ಕಾರಿನ ಕಡೆಗೆ ಹೋಯಿತು.

ಸ್ಟ್ಯಾಂಡಿನ ಮೇಲಿನ ಫೋನು ಗುರ್ರೆಂದಿತು. ಮಾನ್ಯಾಳ ಹೆಜ್ಜೆ ಅತ್ತ ಹೋಗಿ, ಇತ್ತ ಬಂದು, ಪೀಪಾಯಿಯ ಮುಂದೆ ನಿಂತಿತು. ಟಕ್ ಟಕ್.

"ಯತೀಶ್? ಆರ್ ಯೂ ಇನ್ ದೇರ್?"

ಅವನು ಉಸಿರು ಬಿಗಿಹಿಡಿದ. ಅವಳು ತಳ್ಳಿದಳು. ಪೀಪಾಯಿ ಕದಲಲಿಲ್ಲ.

"ಇರು, ಅಂಕಲ್‌ನ ಕರೀತೀನಿ."

"ಬೇಡ ಮಾರಾಯ್ತಿ!" ಎಂದು ಕೂಗಿದ. "ಜಾಮ್ ಆಗಿದೆ ಅಷ್ಟೆ. ನಾನೇ ಬಿಡಿಸ್ಕೊಳ್ತೇನೆ."

"ಎಷ್ಟೊತ್ತಿಂದ ಇದೀಯಾ?"

"ನಿದ್ದೆ ಬಂದುಬಿಟ್ಟಿತ್ತು. ಈಗಷ್ಟೆ ಎಚ್ಚರ ಆದದ್ದು. ಎಂತದೂ ಕೇಳ್ಲಿಲ್ಲ ನಂಗೆ."

ಆಚೆ ಮಾನ್ಯಾ ಮೂಗು ಸೇದಿದ ಸದ್ದು. ಅವಳು ಮತ್ತೆ ಎರಡೂ ಕೈಯಿಂದ ತಳ್ಳತೊಡಗಿದಳು.

ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿ ಉಣ್ಣುವ ಭಾನುವಾರದ ಪಾಟ್‌ಲಕ್‌ನಲ್ಲಿ ಯತೀಶ ಈ ಕಥೆಗೆ ಸರಿಯಾಗಿ ಮಸಾಲೆ ಹಾಕಿದ. ನೂರು ವರ್ಷದ ತುಕ್ಕು, ಒಳಗಿನಿಂದ ಒಂದೇ ಒದೆ, ಧಡಾರ್! ಬಿಸಿಬೇಳೆಬಾತಿನ ತಟ್ಟೆ ಹಿಡಿದವರೆಲ್ಲ ಬಿದ್ದುಬಿದ್ದು ನಕ್ಕರು. ಮಾನ್ಯಾ ನಗಲಿಲ್ಲ.

ನಾನೂ ಆಗಲೇ ಅಷ್ಟು ಜಂಬ ಕೊಚ್ಚಿದೆನಲ್ಲ, ಈಗ ನಿಜ ಹೇಳುತ್ತೇನೆ. ಆ ಪೀಪಾಯಿ ಜಾಮ್ ಆಗಿರಲೇ ಇಲ್ಲ. ಬೆರಳಲ್ಲಿ ನೂಕಿದರೂ ತಿರುಗುತ್ತಿತ್ತು. ಮಾನ್ಯಾ ಹೊರಗಿನಿಂದ ತಳ್ಳುತ್ತಿದ್ದಷ್ಟು ಹೊತ್ತೂ ಯತೀಶ ಒಳಗೆ ಬೆನ್ನು ಕೊಟ್ಟು, ಎರಡೂ ಪಾದವನ್ನು ಎದುರಿನ ಗೋಡೆಗೆ ಒತ್ತಿ, ಅದು ಒಂದಿಷ್ಟೂ ತಿರುಗದಂತೆ ಹಿಡಿದುಕೊಂಡಿದ್ದ.