ಎಣಿಕೆಗೆ ಸಿಕ್ಕ ಕೈಗಳು

ಕುರಿದೊಡ್ಡಿಯಲ್ಲಿ ಹಿಕ್ಕಿ ಗುಡಿಸುತ್ತಿದ್ದೆ. ಅರ್ಧ ಆಗಿತ್ತು, ಇನ್ನರ್ಧ ಉಳಿದಿತ್ತು. ಮೊಮ್ಮಗಳು ಭಾಗ್ಯಾ ಬಂದವಳೇ ನನ್ನ ಕೈಯಿಂದ ಕಸಬರಿಗೆ ಕಸಿದುಕೊಂಡಳು.

"ಆಯಿ, ಗ್ವಾಡಿ ಕಡೆ ಮಾರಿ ಮಾಡಿ ಮಾತಾಡಬ್ಯಾಡ ಅಂತ ಎಷ್ಟ ಸಲ ಹೇಳ್ಲಿ? ಇತ್ತಾಗ ಹೊಳ್ಳು."

"ನಾ ಮಾತಾಡಾಕತ್ತಿಲ್ಲ. ಕಸಾ ಹೊಡ್ಯಾಕತ್ತೇನಿ."

"ನಾಳೆ ಗ್ರಾಮಸಭೆ ಐತಿ. ಎರಡೂ ಕಾಲ ನೆಲಕ್ಕ ಗಟ್ಟಿ ಊರು. ಮುಂದ ಒಬ್ಬರನ್ನ, ನಡುವ ಒಬ್ಬರನ್ನ, ಹಿಂದ ಒಬ್ಬರನ್ನ ನೋಡಿ ಮಾತಾಡು. ಸೆರಗಿಗೆ ಕೈ ಹಚ್ಚಬ್ಯಾಡ. ಸೆರಗ ಜಗ್ಗಿದಿ ಅಂದ್ರ, ಮುದುಕಿ ಹೆದರ್ಯಾಳ ಅಂತಾರ."

ಭಾಗ್ಯಾ ಚಿಕ್ಕೋಡಿಯಲ್ಲಿ ಬಿ.ಇಡಿ. ಓದುತ್ತಾಳೆ. ವರ್ಗದ ಮುಂದೆ ಹೇಗೆ ನಿಲ್ಲಬೇಕು, ಕಣ್ಣು ಎಲ್ಲಿಡಬೇಕು, ಕೈ ಎಲ್ಲಿಡಬೇಕು ಅನ್ನುವುದನ್ನೆಲ್ಲ ಅಲ್ಲಿ ಕಲಿಸುತ್ತಾರಂತೆ. ಕಲಿತದ್ದನ್ನು ತಂದು ನನ್ನ ಮೇಲೆ ಸುರಿಯುತ್ತಿದ್ದಳು, ಅದೂ ಬೈದು ಬೈದು. ನಾನು ಅಕ್ಷರ ಕಲಿತದ್ದೇ ಐವತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ಬೈಸಿಕೊಂಡು ಕಲಿಯುವುದು ನನಗೆ ಹೊಸದಲ್ಲ.

ಮಾತಾಡಬೇಕಾಗಿದ್ದು ಗಾಯರಾಣದ ಬಗ್ಗೆ. ಊರಿನ ದನ, ಕುರಿ ಮೇಯುವ ಹನ್ನೊಂದು ಎಕರೆ ಅದು. ಸುತ್ತ ಎತ್ತ ನೋಡಿದರೂ ಕಬ್ಬು, ನಡುನಡುವೆ ದ್ರಾಕ್ಷಿ. ಕುರಿ ಅತ್ತ ಬಾಯಿ ಹಾಕಿದರೆ ಬಡಿದಾಟ. ಅಂಥ ಗಾಯರಾಣ ಈಗ ದೊಡ್ಡ ಕಬ್ಬಿನ ಯಜಮಾನ ಮುರಗೆಪ್ಪನಿಗೆ ಟ್ರ್ಯಾಕ್ಟರ್ ನಿಲ್ಲಿಸುವ ಯಾರ್ಡಿಗೆ ಬೇಕಾಗಿತ್ತು. ಗ್ರಾಮಸಭೆಯಲ್ಲಿ ಹೆಚ್ಚು ಮಂದಿ ಕೈ ಎತ್ತಿದರೆ ಸಾಕು, ಅವನ ಪಾಲಾಗುತ್ತಿತ್ತು. ಆಮೇಲೆ ನನ್ನ ಮಗ ಮಾಳು ತನ್ನ ಅರವತ್ತು ಕುರಿಗಳನ್ನು ಸಂತೆಗೆ ಹೊಡೆಯುವುದೊಂದೇ ಉಳಿಯುತ್ತಿತ್ತು. ಕುರಿ ಇಟ್ಟ ಮೂವತ್ತು ಮನೆಗಳ ಗತಿಯೂ ಅದೇ.

ಮರುದಿನ ಸಮುದಾಯ ಭವನ ತುಂಬಿತ್ತು. ಹೆಂಗಸರು ಒಂದು ಬದಿ, ಚಾಪೆಯ ಮೇಲೆ. ಭಾಗ್ಯಾ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ಮುರಗೆಪ್ಪ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡೇ ಮಾತು ಮುಗಿಸಿದ. ಪಿಡಿಒ ನನ್ನ ಹೆಸರು ಕರೆದಾಗ ಹಿಂದಿನಿಂದ ಒಬ್ಬ ಕುರಿಯ ಹಾಗೆ ಕೂಗಿದ. ಮಂದಿ ನಕ್ಕರು. ನಗು ಮುಗಿಯುವವರೆಗೂ ನಾನು ಸುಮ್ಮನೆ ನಿಂತೆ. ಅದನ್ನು ಭಾಗ್ಯಾ ಹೇಳಿಕೊಟ್ಟಿರಲಿಲ್ಲ. ಕುರಿ ಕಾಯುವವರಿಗೆ ಕಾಯುವುದು ಬರುತ್ತದೆ.

ಮುಂದೆ ಕೂತ ಡೇರಿಯ ಜಿನ್ನಪ್ಪನನ್ನು ನೋಡಿದೆ, ನಡುವೆ ಮಾಳುವನ್ನು, ಹಿಂದೆ ಕುರಿಯ ಹಾಗೆ ಕೂಗಿದವನನ್ನೇ. ಕೈ ಎರಡೂ ಬಿಟ್ಟಿದ್ದೆ.

"ಟ್ರ್ಯಾಕ್ಟರ್ ವರ್ಷದಾಗ ನಾಕ ತಿಂಗಳ ನಿಂದ್ರತಾವ್ರಿ. ಕುರಿ ದಿನಾ ತಿನ್ನಬೇಕು. ರೋಡಿನ ಮ್ಯಾಲ ನಿಂತ್ರ ಟ್ರ್ಯಾಕ್ಟರ್ ಏನ್ ಸಾಯಂಗಿಲ್ಲ. ನಮ್ಮ ಕುರಿ ಸಾಯ್ತಾವು."

ಜಿನ್ನಪ್ಪ ತಲೆ ಅಲ್ಲಾಡಿಸಿದ.

ಮುರಗೆಪ್ಪ ಚಪ್ಪಾಳೆ ತಟ್ಟಿದ. ಒಬ್ಬನೇ. "ಸಾವಕ್ಕಾ, ಭಾಷಣ ಏಕದಮ್ ಮಸ್ತ್ ಆತ ಬಿಡು. ಕುರಿ ಮುಂದ ಪ್ರಾಕ್ಟೀಸ್ ಮಾಡಿದ್ಯೇನ?"

"ಹೌದ್ರೀ ಯಪ್ಪಾ. ಅವು ನಡುವ ಬಾಯಿ ಹಾಕಂಗಿಲ್ಲ ನೋಡ್ರಿ."

ಈ ಸಲ ಮಂದಿ ನಕ್ಕಿದ್ದು ಅವನನ್ನು ನೋಡಿ. ಮುರಗೆಪ್ಪನ ಮುಖ ಕಪ್ಪಿಟ್ಟಿತು. ಮೊಬೈಲ್ ತೆಗೆದು ಯಾರಿಗೋ ಎರಡು ಮಾತು ಹೇಳಿ ಇಟ್ಟ. ನಾನು ಬಂದು ಹೆಂಗಸರ ಎರಡನೇ ಸಾಲಿನಲ್ಲಿ ಕೂತೆ. ಪಕ್ಕದಲ್ಲಿದ್ದ ನೆಗೆಣ್ಣಿ ಜನಾಬಾಯಿ, "ಇಷ್ಟ ವರ್ಷ ಈ ಬಾಯಿ ಎಲ್ಲಿ ಮುಚ್ಚಿ ಇಟ್ಟಿದ್ಯೇ?" ಅಂದಳು. ಹೊಗಳಿಕೆಯನ್ನೂ ಅವಳು ಚುಚ್ಚಿಯೇ ಕೊಡುತ್ತಾಳೆ.

ಪಿಡಿಒ ಎದ್ದರು. "ಯಾರ್ಡಿನ ಪರವಾಗಿ ಇರೋರು ಕೈ ಎತ್ರಿ."

ಅದೇ ಹೊತ್ತಿಗೆ ಭವನದ ಎದುರು ಮನೆಯ ಬಾಳಾಸಾಬರು ಬಾಗಿಲಲ್ಲಿ ಕಾಣಿಸಿಕೊಂಡರು. ಮುರಗೆಪ್ಪನ ಸೋದರಮಾವ, ಊರಿಗೆಲ್ಲ ಹಿರಿಯರು, ಎಂಬತ್ತೆಂಟು ವರ್ಷ. ನಾವೆಲ್ಲ ಸೊಸೆಯಾಗಿ ಬಂದ ದಿನದಿಂದ ಅವರ ಮುಂದೆ ಬರಿದಲೆಯಲ್ಲಿ ನಿಂತದ್ದಿಲ್ಲ. ಚಾಪೆಯ ಮೇಲಿದ್ದ ಮೂವತ್ತನಾಲ್ಕೂ ಹೆಂಗಸರು ದಡಕ್ಕನೆ ಎದ್ದು ತಲೆಯ ಮೇಲೆ ಸೆರಗು ಎಳೆದುಕೊಂಡೆವು. ಈಗಿನ ಪಾಲಿಸ್ಟರ್ ಸೀರೆ ನಿಲ್ಲುವುದಿಲ್ಲ, ಮೇಲೆ ಫ್ಯಾನು ಬೇರೆ. ಎಲ್ಲರ ಕೈಗಳೂ ಕಿವಿಯ ಮೇಲೆ ಸೆರಗು ಹಿಡಿದು ಅಲ್ಲೇ ನಿಂತವು.

ಪಂಚಾಯತಿಯವನೊಬ್ಬ ಫೋಟೋ ತೆಗೆದ, ಮೊಬೈಲಿನ ಬೆಳಕು ಮಿಂಚಿತು. ಪಿಡಿಒ ಎಣಿಸಿ ಬರೆದುಕೊಂಡರು. ಪರವಾಗಿ ಎಪ್ಪತ್ತೊಂದು.

"ನಾವು ಕೈ ಎತ್ತಿಲ್ರಿ!" ಅಂತ ಕೂಗಿದೆ.

"ಇನ್ನೇನ್ ಕಾಲ ಎತ್ತಿದ್ಯಾ?" ಅಂದ ಮುರಗೆಪ್ಪ. ಭವನವೆಲ್ಲ ಬಿದ್ದು ಬಿದ್ದು ನಕ್ಕಿತು.

ವಿರೋಧ ಇರುವವರು ಕೈ ಎತ್ತಿ ಅಂದಾಗ ಹೆಂಗಸರೆಲ್ಲ ಎತ್ತಿದೆವು. ಪಿಡಿಒ ನಮ್ಮ ಕಡೆ ತಿರುಗಿ ನೋಡಲಿಲ್ಲ. "ಒಮ್ಮೆ ಎಣಸಿದ ಕೈ ಮತ್ತೊಮ್ಮೆ ಎಣಸಂಗಿಲ್ರಿ. ಫೋಟೋ ಐತಿ." ವಿರೋಧ ನಲವತ್ತೆಂಟು ಎಂದು ಬರೆದರು.

ಮನೆಗೆ ಬರುವಾಗ ಭಾಗ್ಯಾ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಹೊಸ್ತಿಲಲ್ಲಿ ತಿರುಗಿ, "ಒಂದ ಮಾತ ಹೇಳಿದ್ದೆ ನಿನಗ. ಸೆರಗ ಮುಟ್ಟಬ್ಯಾಡ. ಒಂದs ಮಾತು!" ಅಂದಳು.

"ಹಿರೇರು ಬಂದ್ರಲ್ಲವಾ."

"ಯಾಕ ಬಂದ್ರು ಅಂತ ವಿಚಾರ ಮಾಡಿದ್ಯೇನ? ಅಂವಾ ಫೋನ್ ಮಾಡಿ ಕರಸ್ಯಾನ. ನೀವೆಲ್ಲಾ ಏನ್ ಮಾಡ್ತೀರಿ ಅಂತ ಅವಂಗ ಗೊತ್ತಿತ್ತು. ನನಗಿಂತಾ ಅವಂಗs ಚೊಲೊ ಗೊತ್ತಿತ್ತು."

ಎರಡು ದಿನ ದೊಡ್ಡಿಯ ಕಸ ಅವಳೇ ಹೊಡೆದಳು, ಕಸಬರಿಗೆ ನನ್ನ ಕೈಗೆ ಕೊಡಲಿಲ್ಲ.

ತಕರಾರಿದ್ದರೆ ಮೂವತ್ತು ದಿನದೊಳಗೆ ಚಿಕ್ಕೋಡಿಯ ಉಪವಿಭಾಗಾಧಿಕಾರಿಗಳಿಗೆ ಬರೆಯಬೇಕು ಎಂದು ಪಂಚಾಯತಿ ನೋಟಿಸು ಅಂಟಿಸಿತ್ತು. ಮೂರನೇ ದಿನವೇ ಬರೆದೆ. 'ಮಹಿಳೆಯರು ಹಿರಿಯರ ಮರ್ಯಾದೆಗಾಗಿ ಸೆರಗು ಹಿಡಿದಿದ್ದನ್ನು ಒಪ್ಪಿಗೆಯೆಂದು ತಪ್ಪಾಗಿ ಎಣಿಸಲಾಗಿದೆ.' ಅಕ್ಷರ ದುಂಡಗೆ ಬಂದಿದ್ದವು. ಆದರೆ ಸಹಿ ಮಾಡುವವರು ಒಬ್ಬರೂ ಸಿಗಲಿಲ್ಲ. ಮೊದಲು ಕೇಳಿದ್ದು ಜನಾಬಾಯಿಯನ್ನು.

"ಬಾಳಾಸಾಬ ಮಾಮಾಗ ಮರ್ಯಾದಿ ಕೊಟ್ಟಿದ್ದs ನಮ್ಮ ತಪ್ಪು ಅಂತ ಸಹಿ ಮಾಡ್ಲೇನ? ನನ್ನ ಗಂಡ ಮನ್ಯಾಗ ಇಟ್ಕೋತಾನೇನ?"

ಉಳಿದವರೂ ಅದನ್ನೇ ಅಂದರು. ಕೆಲವರು ನನ್ನನ್ನು ನೋಡಿ ಬಾಗಿಲು ಹಾಕಿಕೊಂಡರು. ನಾನು ಕಾದೆ. ಒಂದು ವಾರ, ಎರಡು, ಮೂರು. ಕಾಗದದ ಮಡಿಕೆ ಹರಿದು ಮತ್ತೊಮ್ಮೆ ಬರೆದೆ, ಅದೂ ಹರಿಯಿತು.

ಇಪ್ಪತ್ತೇಳನೇ ದಿನ ಗಾಯರಾಣದಲ್ಲಿ ಯಾರ್ಡಿಗೆಂದು ಎರಡು ಟ್ರೇಲರ್ ಗರಸು ಮಣ್ಣು ಸುರಿದರು. ಹುಲ್ಲಿನ ಮೇಲೆಯೇ. ಮಾಳು ಕುರಿ ತಿರುಗಿಸಿಕೊಂಡು ಬಂದು ದೊಡ್ಡಿಗೆ ಹಾಕಿದ. ನಾನು ಕಾಗದ ಹಿಡಿದು ಮತ್ತೆ ಜನಾಬಾಯಿಯ ಮನೆಗೆ ಹೋದೆ.

"ಓದು, ಕೇಳೋಣ," ಅಂದಳು. ಓದಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಮಹಿಳೆಯರು, ಮಹಿಳೆಯರು! ಯಾರವ್ವಾ ಆ ಮಹಿಳೆಯರು? ನೀ ಎಲ್ಲಿದ್ದಿ ಅದರಾಗ? ಮಾತಾಡಾಕ ನೀ ಒಬ್ಬಾಕಿ, ತಪ್ಪಿಗೆ ಮಾತ್ರ ಮಂದಿ ಎಲ್ಲಾ. ಮೊದಲ ನಿನ್ನ ಕೈ ಬರಿ. ಆಮ್ಯಾಲ ನಮ್ಮ ಕೈ ಕೇಳಾಕ ಬಾ."

ಇಷ್ಟು ದಿನ ಕಾದದ್ದು ಇವರ ಸಹಿಗೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಸಭೆಯಲ್ಲಿ ನೆಟ್ಟಗೆ ನಿಂತು ಮಾತಾಡಿದವಳು, ಹೊರಳಿ ಬಂದು ಎಲ್ಲರಿಗಿಂತ ಮೊದಲು ಸೆರಗಿಗೆ ಕೈ ಹಾಕಿದಳು ಎಂದು ಬರೆಯುವ ನಾಚಿಕೆ ನನ್ನನ್ನು ತಡೆದಿತ್ತು.

ಸಭೆಯ ಫೋಟೋ ತೆರೆದು ತೋರಿಸು ಅಂತ ಭಾಗ್ಯಾಳಿಗೆ ಅಂದೆ. ಪಂಚಾಯತಿಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದರು. ಬೆರಳಿನಿಂದ ಅಗಲ ಮಾಡಿ ತೋರಿಸಿದಳು. ಎರಡನೇ ಸಾಲಿನಲ್ಲಿ ಎದ್ದು ಕಾಣುವ ಕೈ ನನ್ನದು. ಬೆರಳ ಸಂದಿಯಲ್ಲಿ ಹಸಿರು ಸೆರಗಿನ ಅಂಚು. ಪಕ್ಕದ ಕೈಯಲ್ಲೂ ಬಟ್ಟೆ, ಅದರ ಪಕ್ಕದ್ದರಲ್ಲೂ.

"ಬಟ್ಟಿ ಹಿಡದ ಕೈ ಇದು," ಅಂದಳು ಭಾಗ್ಯಾ, ಅಷ್ಟು ದಿನಗಳಲ್ಲಿ ಮೊದಲ ಬಾರಿ ಮೆತ್ತಗೆ. "ನಾನರೆ ಯಾಕ ನೋಡಲಿಲ್ಲ?"

ಹೊಸದಾಗಿ ಬರೆದೆ. 'ಎರಡನೇ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಮೇಲೆ ಹೋದ ಕೈ ನನ್ನದು. ಆ ಕೈಯಲ್ಲಿರುವುದು ಸೆರಗು, ಒಪ್ಪಿಗೆ ಅಲ್ಲ. ಫೋಟೋ ದೊಡ್ಡದು ಮಾಡಿ ನೋಡಬೇಕು. ಸಾವಕ್ಕ ಮಲಕಾರಿ.' ಜನಾಬಾಯಿ ಓದಿಸಿ ಕೇಳಿ, ಹಿಟ್ಟಿನ ಕೈ ಒರೆಸಿಕೊಂಡಳು. "ತಾ ಇಲ್ಲಿ ಪೆನ್ನು. ನಿನ್ನ ಮಾರಿ ನೋಡಿ ಅಲ್ಲ ಮತ್ತ." ಸಂಜೆಯೊಳಗೆ ಹನ್ನೊಂದು ಸಹಿ ಆದವು. ಉಳಿದವರ ಬಾಗಿಲು ತೆರೆಯಲಿಲ್ಲ.

ಮರುದಿನ ಬೆಳಿಗ್ಗೆ ರಾಯಬಾಗದ ಪೋಸ್ಟಿಗೆ ಹೋದೆ. ಸಾಲಿನಲ್ಲಿ ನನ್ನ ಹಿಂದೆ ಮುರಗೆಪ್ಪನ ಮಗ ಮಲ್ಲೇಶ ಬಂದು ನಿಂತ. ಊರೆಲ್ಲ ಸುದ್ದಿ ಹಬ್ಬಿತ್ತು.

"ಆಯಿ, ಊರಾಗ ಇರೋದು ಬ್ಯಾಡ ಅನಸೇತೇನ ನಿಮಗ?"

"ಇರೋದೈತೇಳಪಾ. ಅದಕs ಬಂದೇನಿ."

ಲಕೋಟೆಯನ್ನು ಕಿಟಕಿಯೊಳಗೆ ಚಾಚಿ, ರಜಿಸ್ಟರ್ ಅಂದೆ. ಗುಮಾಸ್ತ ತೂಗಿದ, ಠಸ್ಸೆ ಹೊಡೆದ, ರಸೀದಿ ಹರಿದು ಕೊಟ್ಟ. ಲಕೋಟೆಯನ್ನು ಹಿಂದಿನ ಚೀಲಕ್ಕೆ ಎಸೆದ.