ಕೊಳೆ ಔಷಧಿ ಹೊಡೆಸಿಕೊಂಡ ಶಾಸನ

ನಮ್ಮ ಮನೆತನದ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ಹೇಳುತ್ತೇನೆ. ನಾನು ಕಿಲ್ಲೇದಾರ ಶಿವಮೂರ್ತಿ. ಸಾಗರದ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಚರಿತ್ರೆ ಪಾಠ ಮಾಡಿ ನಿವೃತ್ತನಾದವನು. ಹೊಸನಗರದಿಂದಾಚೆ ಘಟ್ಟದ ಅಂಚಿನಲ್ಲಿ ಹಾರೆಗುಡ್ಡದ ಕೋಟೆ ಅಂತ ಒಂದಿದೆ, ಈಗ ಹಾಳು ಬಿದ್ದಿದೆ. ಒಂದು ಕಾಲದಲ್ಲಿ ಅದನ್ನು ಕಾದವರು ನಮ್ಮ ಹಿರಿಯರು. ಇದನ್ನೆಲ್ಲ ವಿವರಿಸಿ ನಲವತ್ತೆರಡು ಪುಟದ ಪುಸ್ತಕ ಬರೆದಿದ್ದೇನೆ. ಓದಿದವರು ಇಬ್ಬರು, ಅದರಲ್ಲಿ ಒಬ್ಬ ಪ್ರೂಫ್ ನೋಡಿದವನು.

ಪುಸ್ತಕಕ್ಕೆ ಆಧಾರ ಕೋಟೆಬಾಗಿಲ ಪಕ್ಕದ ಶಾಸನ. ಕಲ್ಲಿನ ತುಂಬ ಪಾಚಿ. ಹದಿನೇಳು ಸಲ ಗುಡ್ಡ ಹತ್ತಿ ಕಣ್ಣು ಕಿರಿದು ಮಾಡಿ ನೋಡಿದ್ದಕ್ಕೆ ಓದಲು ಸಿಕ್ಕಿದ್ದು ಮೂರೇ ಮಾತು: ಕಿಲ್ಲೇದಾರ, ಕೆರೆಮುಂದಿನ ಗದ್ದೆ. ಪುಸ್ತಕದ ಉಳಿದದ್ದೆಲ್ಲ ನನ್ನ ಪರಿಶ್ರಮ.

ಆ ಗದ್ದೆಯೇ ನನ್ನ ಹೊಟ್ಟೆಯ ಉರಿ. ಕೋಟೆಯ ಬುಡದಲ್ಲಿದೆ, ಅಪ್ಪನ ಕಾಲದವರೆಗೆ ನಮ್ಮದಾಗಿತ್ತು. ಉಳುತ್ತಿದ್ದವನು ಹುಲಿಯಪ್ಪ. ಉಳುವವನೇ ಒಡೆಯ ಎಂದು ಕಾನೂನು ಬಂದಾಗ ಹುಲಿಯಪ್ಪ ಅರ್ಜಿ ಹಾಕಿದ, ಗದ್ದೆ ಅವನದಾಯಿತು. ಅಪ್ಪ ಸಾಯುವ ತನಕ ಊಟಕ್ಕೆ ಕೂತಾಗಲೆಲ್ಲ "ಇದು ಅಂಗಡಿ ಅಕ್ಕಿ" ಎಂದು ತಟ್ಟೆಗೆ ಹೇಳುತ್ತಿದ್ದರು. ಗದ್ದೆ ವಾಪಸ್ಸು ಬರುವುದಿಲ್ಲ ಎಂದು ತಿಳಿಯದಷ್ಟು ದಡ್ಡ ನಾನಲ್ಲ. ನನಗೆ ಬೇಕಾಗಿದ್ದು ಇಷ್ಟೇ: ಶಾಸನ ಪೂರ್ತಿ ಓದಬೇಕು, ನಮ್ಮವರು ಶೌರ್ಯಕ್ಕೆ ಆ ಗದ್ದೆ ಪಡೆದದ್ದೆಂದು ಅದರಲ್ಲಿರಬೇಕು, ಅದನ್ನು ಹುಲಿಯಪ್ಪನ ಮನೆಯವರೆದುರು ಗಟ್ಟಿಯಾಗಿ ಓದಬೇಕು. ಆಮೇಲೆ ಅವರು ಗದ್ದೆಯಲ್ಲಿ ಏನು ಬೇಕಾದರೂ ಬೆಳೆದುಕೊಳ್ಳಲಿ, ನಾನು ದೊಡ್ಡ ಮನಸ್ಸು ಮಾಡುತ್ತೇನೆ.

ಹುಲಿಯಪ್ಪ ಈಗಿಲ್ಲ. ಹೆಂಡತಿ ದುಗ್ಗಮ್ಮ ಇದ್ದಾಳೆ, ಎಪ್ಪತ್ತು ದಾಟಿದವಳು. ಮಗ ನಾಗೇಂದ್ರ ಕೋಟೆಗೆ ಹತ್ತುವ ದಾರಿಯಲ್ಲಿ ಸೋಡಾ ಅಂಗಡಿ ಇಟ್ಟಿದ್ದಾನೆ. ಮಳೆಗಾಲದಲ್ಲಿ ಊರವರ ಅಡಿಕೆಮರಕ್ಕೆ ಔಷಧಿ ಹೊಡೆಯುತ್ತಾನೆ. ಯಾರು ಏನು ಕೇಳಿದರೂ ಇಲ್ಲವೆನ್ನದ ಆಸಾಮಿ. ಇಂಥವರಿಂದಲೇ ಲೋಕಕ್ಕೆ ಹೆಚ್ಚು ನಷ್ಟ.

ಹೋದ ಬೇಸಿಗೆಯಲ್ಲಿ ಅವನ ಅಂಗಡಿಯಲ್ಲಿ ಸೋಡಾ ಕುಡಿಯುತ್ತ, "ಆ ಪಾಚಿ ಒಂದು ಹೋಗಿದ್ರೆ ಕಲ್ಲು ಓದಬಹುದಿತ್ತು ಕಣೋ" ಎಂದಿದ್ದೆ. ಅಷ್ಟೇ ಹೇಳಿದ್ದು. ನವೆಂಬರಿನಲ್ಲಿ ಫೋನ್ ಬಂತು. "ಮೇಷ್ಟ್ರೆ, ಕಲ್ಲು ಕ್ಲೀನಾಗಿದೆ, ಬಂದ್ಬಿಡಿ."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊಸನಗರಕ್ಕೆ ಹೋಗಿ, ಅಲ್ಲಿಂದ ಆಟೋ ಹಿಡಿದೆ. ಮೇಲಿನ ಬುರುಜಿನಿಂದ ಸಮುದ್ರ ಕಾಣುತ್ತದೆ ಎಂದು ಯಾರೋ ಮೊಬೈಲಿನಲ್ಲಿ ಹಾಕಿದ ಮೇಲೆ ಕೋಟೆಗೆ ಭಾಗ್ಯ ಬಂದಿದೆ. ಕಾಣುವುದು ಘಟ್ಟದಾಚೆ ಒಂದು ಬೂದು ಗೆರೆ. ಅದು ಸಮುದ್ರವಾದರೂ ಸರಿ, ಮೋಡವಾದರೂ ಸರಿ, ಅದಕ್ಕೆ ಬೆನ್ನು ಹಾಕಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮುನ್ನೂರು ವರ್ಷದ ಗೋಡೆಯ ಮೇಲೆ ಲೇಸ್ ಪ್ಯಾಕೆಟ್ಟು ಬಿಟ್ಟು ಇಳಿಯುತ್ತಾರೆ.

ನಾಗೇಂದ್ರನ ಜೊತೆ ದುಗ್ಗಮ್ಮನೂ ಹೊರಟಳು. ನಿನಗ್ಯಾಕೆ ಈ ವಯಸ್ಸಿನಲ್ಲಿ ಎಂದು ಕೇಳಿದರೆ, "ಇವ ಎಂತ ಮಾಡಿಟ್ಟಿದಾನೋ ಏನೋ. ನೀವು ಬಯ್ಯಾಕೆ ನಿಂತ್ರೆ ನಿಲ್ಸಾಕೆ ಒಬ್ರು ಬೇಕಲ" ಅಂದಳು. ನಾನು ಮೆಟ್ಟಿಲು ಮೆಟ್ಟಿಲಿಗೆ ಕೂತು, ಚರಿತ್ರೆಯನ್ನು ಆಸ್ವಾದಿಸುವವನ ಮುಖ ಮಾಡಿಕೊಂಡು ಏದುಸಿರು ಬಿಡುತ್ತಿದ್ದರೆ ಆ ಮುದುಕಿ ಬರಿಗಾಲಲ್ಲಿ ಮೇಲೆ ಹೋಗಿ ನಿಂತು ನನಗಾಗಿ ಕಾಯುತ್ತಿದ್ದಳು. ಕಿಲ್ಲೇದಾರರ ವಂಶದವನ ಬಗ್ಗೆ ಅವಳಿಗೆ ಯಾವ ಅಭಿಪ್ರಾಯ ಬಂದಿರಬಹುದೋ ಕೇಳಲಿಲ್ಲ.

ಬಾಗಿಲು ದಾಟಿ ನೋಡುತ್ತೇನೆ, ಶಾಸನ ನೀಲಿಯಾಗಿದೆ. ಸಣ್ಣಪುಟ್ಟ ನೀಲಿಯಲ್ಲ. ಮದುವೆಮನೆಯ ಗೋಡೆಗೆ ಬಳಿದಂಥ ನೀಲಿ.

"ಏನೋ ಇದು?" ಅಂದೆ. ದನಿ ನನ್ನದೇ ಎಂದು ನಂಬಲಾಗಲಿಲ್ಲ.

"ಕೊಳೆ ಔಷಧಿ ಮೇಷ್ಟ್ರೆ. ಮೈಲುತುತ್ತ, ಸುಣ್ಣ. ಅಡಿಕೆಗೆ ಹೊಡ್ಯೋದೇಯ. ಪಾಚಿ ಅಂದ್ರೂ ಅದೇ ಜಾತಿದಲ್ವಾ? ಮಳೆಗೆ ಮುಂಚೆ ಒಂದು ರೌಂಡು, ಆಗಸ್ಟಲ್ಲಿ ಒಂದು ರೌಂಡು. ಮಳೆಗೆ ತೊಳ್ದು ಹೋಗ್ಬಾರ್ದು ಅಂತ ಗಮ್ಮೂ ಹಾಕಿದ್ದೆ."

ಗಮ್ಮೂ ಹಾಕಿದ್ದನಂತೆ! ಲೋಕದ ಯಾವ ಮೂಲೆಯಲ್ಲಾದರೂ ಶಿಲಾಶಾಸನಕ್ಕೆ ಕೊಳೆರೋಗ ಬಂದ ದಾಖಲೆ ಇದೆಯೇ? ನಮ್ಮ ತಾಲ್ಲೂಕಿನವರನ್ನು ಬಿಟ್ಟು ಇನ್ಯಾರ ತಲೆಗೆ ಹೊಳೆದೀತು ಇದು? ಬಾಯಿಗೆ ಬಂದದ್ದೆಲ್ಲ ಅಂದೆ. ಪುರಾತತ್ವ ಇಲಾಖೆಯವರಿಗೆ ಬರೆಯುತ್ತೇನೆ ಅಂದೆ, ಜೈಲು ಅಂದೆ. ನಾಗೇಂದ್ರ ತಲೆ ಕೆರೆದುಕೊಳ್ಳುತ್ತ ನಿಂತ.

"ಬಯ್ದಿದ್ದು ಸಾಕು, ಒರೆಸ್ರಿ ಮೊದ್ಲು" ಎಂದು ದುಗ್ಗಮ್ಮ ಒಂದು ಗೋಣಿತಾಟನ್ನು ಕೋಟೆಯೊಳಗಿನ ಕೊಳದ ನೀರಲ್ಲಿ ಅದ್ದಿ ತಂದಳು. ಮಗನನ್ನು ಆಚೆ ಸರಿಸಿ, ಎಮ್ಮೆಯ ಮೈ ಉಜ್ಜುವವಳಂತೆ ತಾನೇ ಉಜ್ಜಿದಳು. ಸತ್ತ ಪಾಚಿ ಚಕ್ಕೆ ಚಕ್ಕೆಯಾಗಿ ಕಳಚಿ ಬಿತ್ತು. ಮೇಲ್ಮೈಯ ನೀಲಿ ಹೋಯಿತು. ಕೊರೆದ ಅಕ್ಷರಗಳ ಒಳಗೆ ಕೂತ ಔಷಧಿ ಮಾತ್ರ ಹೋಗಲಿಲ್ಲ. ಕಪ್ಪು ಕಲ್ಲಿನ ಮೇಲೆ ಹದಿನಾಲ್ಕು ಸಾಲು, ಸ್ಲೇಟಿನ ಮೇಲೆ ಬರೆದ ಹಾಗೆ ಎದ್ದು ನಿಂತವು.

ನನ್ನ ಸಿಟ್ಟು ಎಲ್ಲಿ ಹೋಯಿತೋ. ಕನ್ನಡಕ ಒರೆಸಿ ಮನಸ್ಸಿನಲ್ಲೇ ಓದತೊಡಗಿದೆ. ಮೊದಲ ನಾಲ್ಕು ಸಾಲು ದೇವರು, ಅರಸ, ದಿಕ್ಕು, ತಿಥಿ. ಐದನೆಯ ಸಾಲಲ್ಲಿ ಕಿಲ್ಲೇದಾರ ಬಂದ. ಆರನೆಯ ಸಾಲಲ್ಲಿ ಹೋದ.

ವೈರಿಗಳು ಗುಡ್ಡ ಸುತ್ತಿಕೊಂಡಾಗ ಕಿಲ್ಲೇದಾರನು ಹೆಂಡಿರು ಮಕ್ಕಳು ಪೆಟ್ಟಿಗೆ ಸಮೇತ ಹಿಂದಿನ ಕಿರುಬಾಗಿಲಿಂದ ಘಟ್ಟ ಇಳಿದು ಹೋಗಲಾಗಿ, ಬಾಗಿಲು ಕಾಯುವ ಹುಲಿಯನೆಂಬವನು ಹನ್ನೊಂದು ದಿನ ಬಾಗಿಲು ತೆರೆಯದೆ ಹಿಡಿದು ಅಲ್ಲಿಯೇ ಸತ್ತನಾಗಿ, ಅವನ ಸಂತತಿಗೆ ಕೆರೆಮುಂದಿನ ಗದ್ದೆಯನ್ನು ಬಿಟ್ಟೆವು. ಇದನ್ನು ಕಸಿದವನು ಗೋವು ಕೊಂದ ಪಾಪಕ್ಕೆ ಹೋಗುವನು.

ಪೆಟ್ಟಿಗೆ ಸಮೇತ. ಕಲ್ಲು ಕೊರೆದವನಿಗೆ ಆ ಪೆಟ್ಟಿಗೆಯನ್ನು ಬಿಡಲು ಮನಸ್ಸಾಗಿಲ್ಲ.

ದುಗ್ಗಮ್ಮನ ಮನೆಗೆ ಊರವರು ಇವತ್ತಿಗೂ ಬಾಗಿಲಮನೆ ಅನ್ನುತ್ತಾರೆ. ಅವರ ಮನೆಯಲ್ಲಿ ಮೂರು ತಲೆಮಾರಿಗೊಬ್ಬ ಹುಲಿಯ ಇದ್ದೇ ಇರುತ್ತಾನೆ. ಹಾಗಾದರೆ ಗದ್ದೆ ನಮಗೆ ಬಂದದ್ದು ಹೇಗೆ? ಓಡಿಹೋದ ಕಿಲ್ಲೇದಾರ ಊರಿಗೆ ವಾಪಸ್ಸು ಬಂದ ಮೇಲೆ ಆ ಪೆಟ್ಟಿಗೆಯಲ್ಲಿದ್ದ ಕಾಗದಗಳು ಏನೇನು ಕೆಲಸ ಮಾಡಿರಬಹುದು ಎಂಬುದನ್ನು ಚರಿತ್ರೆ ಮೇಷ್ಟರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಎಂತ ಬರ್ದದೆ ಮೇಷ್ಟ್ರೆ?" ದುಗ್ಗಮ್ಮ ಕೇಳಿದಳು.

ಆ ಗುಡ್ಡದ ಮೇಲೆ ಹಳೆಯ ಲಿಪಿ ಓದಬಲ್ಲವನು ನಾನೊಬ್ಬನೇ. ಸಮುದ್ರ ನೋಡಲು ಬಂದವರಿಗೆ ಹೊಸ ಲಿಪಿಯೇ ಕಷ್ಟ. "ಐದನೇ ಸಾಲಿಂದ ಕೆಳಗೆ ಸವೆದುಹೋಗಿದೆ" ಅಂದೆ. ಮಕ್ಕಳು ಉತ್ತರ ಗೊತ್ತಿಲ್ಲದೆ ಏನಾದರೂ ಕಟ್ಟಿ ಬರೆದರೆ ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ದುಗ್ಗಮ್ಮ ಕಲ್ಲಿನ ಹತ್ತಿರ ಬಗ್ಗಿದಳು. ಐದನೆಯ ಸಾಲಿನ ಅಕ್ಷರಗಳ ಮೇಲೆ ಬೆರಳಾಡಿಸಿದಳು, ಆರನೆಯದರ ಮೇಲೆ, ಏಳನೆಯದರ ಮೇಲೆ. "ನಂಗೆ ಓದಾಕೆ ಬರಲ್ಲ. ಕಣ್ಣು ಕಾಣ್ತದೆ. ಎಲ್ಲಾ ಒಂದೇ ಸಮ ನೀಲಿ ಅದೆ. ಸವ್ದಿದ್ದು ಯಾವ್ದು, ತೋರ್ಸಿ."

ತೋರಿಸಲು ಒಂದೂ ಇರಲಿಲ್ಲ. ಮೊದಲಿಂದ ಓದಿದೆ. ಓದಿ, ಈಗಿನ ಮಾತಿನಲ್ಲಿ ಅರ್ಥವನ್ನೂ ಹೇಳಿದೆ.

ನಾಗೇಂದ್ರ ಬಾಯಿ ತೆರೆದುಕೊಂಡು ನಿಂತಿದ್ದ. "ಹಂಗಾರೆ ಗದ್ದೆ..."

"ನಿಮ್ಮದೇ" ಅಂದೆ. "ಮೊದಲಿಂದಲೂ."

ಅವರು ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ನಾಲ್ಕು ಮಾತು ಅಂದರೂ ಅನಿಸಿಕೊಳ್ಳಲು ತಯಾರಾಗಿದ್ದೆ. ದುಗ್ಗಮ್ಮ ಒದ್ದೆ ಗೋಣಿತಾಟನ್ನು ಹಿಂಡಿ ಮಗನ ಕೈಗೆ ಕೊಟ್ಟು, ಬಾಗಿಲ ಹೊಸ್ತಿಲ ಕಲ್ಲಿನ ಮೇಲೆ ಕೂತಳು.

"ಗೇಣಿ ಭತ್ತ ಒಂದು ವರ್ಷ ಕಮ್ಮಿ ಬಿತ್ತು ಅಂತ ನಿಮ್ಮಪ್ಪ ನಮ್ಮತ್ತೆನ ಇಡೀ ದಿನ ನಿಮ್ಮನೆ ಅಂಗ್ಳದಾಗೆ ಬಿಸ್ಲಾಗೆ ನಿಲ್ಸಿದ್ರು. ನಾನು ಆಗ ಹೊಸಾ ಮದ್ಮಗ್ಳು, ಬೇಲಿ ಹೊರಗೆ ನಿಂತು ನೋಡ್ತಿದ್ದೆ" ಅಂದಳು. ಸೆರಗಿನಿಂದ ಕೈ ಒರೆಸಿಕೊಂಡಳು. "ಇನ್ನೊಂದ್ಸಲ ಓದಿ ಮೇಷ್ಟ್ರೆ. ನಮ್ಮತ್ತೆಗೂ ಕೇಳೋ ಹಂಗೆ ಓದಿ."

ಮತ್ತೆ ಶುರು ಮಾಡಿದೆ. ಬುರುಜಿನ ಮೇಲಿದ್ದ ಹುಡುಗರು ಒಬ್ಬೊಬ್ಬರಾಗಿ ಇಳಿದು ಬಂದು ಸುತ್ತ ನಿಂತರು. ಕಿಲ್ಲೇದಾರ ಕಿರುಬಾಗಿಲಿಗೆ ಬರುವ ಹೊತ್ತಿಗೆ ನನ್ನ ದನಿ ತಾನಾಗಿಯೇ ಇಳಿಯಿತು.

"ಜೋರಾಗಿ" ಅಂದಳು ದುಗ್ಗಮ್ಮ.