ಖಾಲಿ ಬಿಟ್ಟ ಸಾಲು

ತಿಕೋಟಾದ ಮನೆಯಲ್ಲಿ ರುಕ್ಮವ್ವ ರೊಟ್ಟಿ ಬಡಿಯುತ್ತಲೇ ಮಗಳನ್ನು ಕೇಳಿದಳು: "ಬಂತೇನ ಬೇ ನಿನ್ನ ಹೆಸರ? ದ್ರಾಕ್ಷಿ ತೋಟದಾಗ ಎಲ್ಲಾರೂ ಕೇಳಾಕತ್ತಾರ."

"ಇವತ್ತ ಬರತೈತಿ ಯವ್ವಾ," ಎಂದು ಸಪ್ನಾ ಬುತ್ತಿ ಕಟ್ಟಿಕೊಂಡು ವಿಜಯಪುರದ ಬಸ್ಸು ಹತ್ತಿದಳು.

ತಾಯಿ ಕೂಲಿಗೆ ಹೋಗುವ ತೋಟದಲ್ಲೇ ಬೂದಿ ರೋಗಕ್ಕೆ ಜಗ್ಗದ ಒಂದು ಬಳ್ಳಿ ಅವಳ ಕಣ್ಣಿಗೆ ಬಿದ್ದಿತ್ತು. ಅದಕ್ಕೆ ಆ ಶಕ್ತಿ ಕೊಡುವ ಜೀನನ್ನು ಹುಡುಕಲು ಸೊಲ್ಲಾಪುರ ರಸ್ತೆಯ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಹೆಣಗಿದ್ದಳು. ಕೊನೆಗೂ ಒಂದು ದೊಡ್ಡ ವಿದೇಶಿ ವಿಜ್ಞಾನ ಪತ್ರಿಕೆ ಅವಳ ಪ್ರಬಂಧವನ್ನು ಒಪ್ಪಿಕೊಂಡಿತ್ತು. ಮೊದಲ ಹೆಸರು ಕೆಲಸ ಮಾಡಿದವರದು, ಇದು ವಿಜ್ಞಾನ ಲೋಕದ ನಿಯಮ. ನೌಕರಿ ಕೊಡುವವರು ನೋಡುವುದೂ ಅದನ್ನೇ. ಮುಂದಿನ ತಿಂಗಳು ಸಪ್ನಾಳಿಗೆ ಪ್ರಾಧ್ಯಾಪಕಿ ಹುದ್ದೆಯ ಸಂದರ್ಶನವಿತ್ತು.

ಆದರೆ ಆ ಪ್ರಯೋಗಾಲಯದ ಪದ್ಧತಿಯೇ ಬೇರೆ. ಪ್ರಬಂಧ ಬರೆದವರು ಶೀರ್ಷಿಕೆಯ ಕೆಳಗಿನ ಹೆಸರುಗಳ ಸಾಲನ್ನು ಖಾಲಿ ಬಿಟ್ಟು ಮಾರ್ಗದರ್ಶಕರಾದ ಸುಶೀಲೇಂದ್ರ ಸರ್‌ಗೆ ಒಪ್ಪಿಸಬೇಕು, ಅವರೇ ತುಂಬಿ ಕಳಿಸುತ್ತಾರೆ. ಸಪ್ನಾ ಕಣ್ಣು ಮುಚ್ಚಿ ಒಪ್ಪಿಸಿದ್ದಳು. ತಂದೆಯಂಥವರ ಮೇಲೆ ಅನುಮಾನ ಪಡುವುದುಂಟೇ?

ಪ್ರಯೋಗಾಲಯದ ಕಂಪ್ಯೂಟರಿನಲ್ಲಿ ಪ್ರಕಟವಾದ ಪ್ರಬಂಧ ತೆರೆಯಿತು. ಮೊದಲ ಹೆಸರು ಮೃಣಾಲ. ಸರ್ ಅವರ ಅಣ್ಣನ ಮಗಳು, ಸಪ್ನಾಳ ಡಬ್ಬಿಯಲ್ಲಿ ಕೈ ಹಾಕಿ ಉಂಡ ಗೆಳತಿ. ಎರಡನೆಯದು ಸರ್ ಹೆಸರು. ಸಪ್ನಾ ಇದ್ದದ್ದು ಕಟ್ಟಕಡೆಯ ಕೃತಜ್ಞತೆಯಲ್ಲಿ: 'ಎಲೆ ಕೊಯ್ದು ತಂದುಕೊಟ್ಟ ಸಪ್ನಾ ಅವರಿಗೆ.' ಅಯ್ಯೋ, ಎಲೆ ಕೊಯ್ದವಳಂತೆ! ಎದ್ದು ನೇರವಾಗಿ ಸರ್ ಕೋಣೆಗೆ ನಡೆದಳು.

ಸರ್ ತಡವರಿಸಲಿಲ್ಲ. "ಸಿಟ್ಟಾಗಬ್ಯಾಡ. ಮೃಣಾಲಗೂ ಸಂದರ್ಶನ ಅದ. ಮನಿ ಮಗಳನ್ನ ಹೆಂಗ ಕೈ ಬಿಡಲಿ? ನನ್ನ ಗುರುಗಳೂ ನನ್ನ ಮೊದಲನೇ ಪ್ರಬಂಧ ಹಿಂಗ ತೊಗೊಂಡಿದ್ರು. ನಾ ಸುಮ್ಮನಿದ್ದೆ, ಬೆಳದೆ."

"ನಂದೂ ಅದೇ ಸಂದರ್ಶನ ಐತ್ರಿ ಸರ್."

"ಗೊತ್ತದ. ಅದಕ್ಕೂ ದಾರಿ ನೋಡೀನಿ. ನಮ್ಮ ಲ್ಯಾಬಿನ ಸಣ್ಣಾಕಿ ಮಿನಾಜಳ ಜೋಳದ ಪ್ರಬಂಧ ತಯಾರದ, ಹೆಸರಿನ ಸಾಲು ಖಾಲಿ ಅದ. ನಿನ್ನ ಹೆಸರು ಮೊದಲು ಹಾಕ್ಕೊಂಡು ಸಂಜಿಗೆ ನನಗ ಕಳಿಸು. ಅವಳಿಗೇನು, ಇನ್ನೂ ವಯಸ್ಸದ."

ಹೊರಗೆ ಮೃಣಾಲ ಕಾಯುತ್ತಿದ್ದಳು. "ಕಾಕಾ ಹೇಳಿದ್ಮ್ಯಾಲೆ ನಾ ಹೆಂಗ ಬ್ಯಾಡ ಅನ್ಲಿ, ಸಪ್ನಾ?"

"ಬಾಯಿ ತೆಗದು ಅನ್ನಬೇಕಿತ್ತು," ಎಂದು ಸಪ್ನಾ ಮುಂದೆ ನಡೆದಳು. ತನ್ನ ಕಂಪ್ಯೂಟರಿನ ಮುಂದೆ ಹೋಗಿ ಕೂತಳು.

ಮಿನಾಜಳ ಪ್ರಬಂಧ ತೆರೆದಳು. ಸುಳ್ಳೇಕೆ ಹೇಳಬೇಕು, ಆಸೆಯಾಯಿತು. ನನ್ನದನ್ನು ಯಾರು ಉಳಿಸಿದರು, ನಾನು ಇನ್ನೊಬ್ಬರದನ್ನು ಉಳಿಸಲು? ಖಾಲಿ ಸಾಲಿನಲ್ಲಿ ತನ್ನ ಹೆಸರು ಒತ್ತಿದಳು. ಚೆಂದವೇ ಕಂಡಿತು.

ಅಷ್ಟರಲ್ಲಿ ಮಿನಾಜ ಬಾಗಿಲಿಗೆ ಬಂದು ನಿಂತಳು. "ಅಕ್ಕಾ, ಸರ್ ಇವತ್ತ ನಂದು ಕಳಸ್ತಾರಂತ? ನಮ್ಮ ಅಬ್ಬಾ ಬಬಲೇಶ್ವರ ಊರ ತುಂಬ ಸಾರ್ಯಾರ ನೋಡ್ರಿ, ಮಗಳ ಹೆಸರ ಬರತೈತಿ ಅಂತ."

ಸಪ್ನಾಳ ಕಿವಿಯಲ್ಲಿ ಬೆಳಗಿನ ರೊಟ್ಟಿ ಬಡಿಯುವ ಸದ್ದು ಕೇಳಿತು. ತನ್ನ ಹೆಸರನ್ನು ಅಳಿಸಿ ಎದ್ದು ನಿಂತು ಕುರ್ಚಿ ಸರಿಸಿದಳು.

"ಕುಂದರ ಇಲ್ಲಿ. ನಿನ್ನ ಹೆಸರ ನೀನ ಬರಿ."

"ಸರ್ ತುಂಬ್ತಾರಲ್ಲ ಅಕ್ಕಾ?"

"ಇನ್ನ ಮ್ಯಾಲೆ ಖಾಲಿ ಬಿಡೂದು ಬ್ಯಾಡ."

ಮಿನಾಜ ಅಂಜುತ್ತ ಒಂದೊಂದೇ ಅಕ್ಷರ ಒತ್ತಿದಳು. ಸಪ್ನಾ ಅದನ್ನು ಸರ್‌ಗೆ ಕಳಿಸಿದಳು, ಜೊತೆಗೆ ಪ್ರಯೋಗಾಲಯದ ಎಲ್ಲರಿಗೂ ಕಳಿಸಿದಳು. ಇನ್ನು ಹೆಸರು ಬದಲಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಸಂದರ್ಶನಕ್ಕೆ ಬರಿಗೈಯಲ್ಲಿ ಹೋಗಬೇಕೆಂಬುದೂ ಅವಳಿಗೆ ಗೊತ್ತಿತ್ತು.

ಸಂಜೆ ಮನೆಯಲ್ಲಿ ರುಕ್ಮವ್ವ ಮತ್ತೆ ಕೇಳಿದಳು: "ಬಂತೇನ ಬೇ?"

"ಇಲ್ಲ ಯವ್ವಾ. ಕದ್ರು. ಸರ್ ಅವ್ರ ಕದ್ರು." ಆಗ ಅಳು ತಡೆಯಲಾಗಲಿಲ್ಲ. "ಪತ್ರಿಕಿಯವರಿಗೆ ಬರೀತೇನಿ. ಅವರು ಕೇಳ್ತಾರೋ ಬಿಡ್ತಾರೋ."

ರುಕ್ಮವ್ವ ಸೆರಗಿನಿಂದ ಮಗಳ ಮುಖ ಒರೆಸಿ, ತಟ್ಟೆ ಮುಂದಿಟ್ಟಳು.

"ಉಣ್ಣು. ತೋಟದಾಗ ಮಂದಿ ಕೇಳತಾರ. ಬಂದಿಲ್ಲ ಅಂತ ಹೇಳಂಗಿಲ್ಲ ನಾ. ಕದ್ದಾರ ಅಂತನ ಹೇಳತೇನಿ."